ಎಮ್ ಬಳಿಯ ಹುಡುಗಿ

ಭೋಜರಾಜನಷ್ಟು ಮಾತಾಡುವ ಗಂಡಸು ಚೆನ್ನೈಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ನುಂಗಂಬಾಕ್ಕಂನ ಇನ್ಶೂರೆನ್ಸ್ ಆಫೀಸಿನಲ್ಲಿ ಅವನು ಬಾಯಿ ತೆರೆದರೆ ಎದುರಿನ ಮರದ ಕಾಗೆಗಳೂ ಕೆಳಗಿಳಿದು ಪ್ರೀಮಿಯಂ ಕಟ್ಟಿ ಹೋಗುತ್ತಿದ್ದವು. ಯಮ ದಾರಿ ತಪ್ಪಿ ಅಲ್ಲಿಗೆ ಬಂದಿದ್ದರೆ, ತನ್ನ ಕೋಣಕ್ಕೂ ಸೇರಿಸಿ ಪಾಲಿಸಿ ಮಾಡಿಸಿಕೊಂಡೇ ವಾಪಸ್ಸಾಗುತ್ತಿದ್ದ.

ಅಂಥ ಬಾಯಿಗೆ ಒಂದು ಹತ್ತಿಕಡ್ಡಿ ಇಟ್ಟು ಸುಮ್ಮನಾಗಿಸಿದವಳು ಸಂಹಿತಾ.

ಅದು ಎರಡು ಸಾವಿರದ ಮೂರರ ಬೇಸಿಗೆ. ರಸ್ತೆಯ ಡಾಂಬರು ಪಾಯಸದಂತೆ ಕುದಿಯುತ್ತಿದ್ದ ಕಾಲ. ದಕ್ಷಿಣದ ಜನ ಎಲ್ಲಿಂದ, ಯಾವ ದಾರಿಯಲ್ಲಿ ನಡೆದು ಬಂದರು ಅಂತ ಡಿಎನ್ಎಯಲ್ಲಿ ಹುಡುಕುವ ಸಂಶೋಧನೆ ಅವಳದು. ಕನ್ನಡದವರ ಕೆನ್ನೆಯೊಳಗಿನ ಸ್ಯಾಂಪಲ್ ಬೇಕು ಅಂತ ಆಫೀಸಿಗೇ ಬಂದು ಕೂತಿದ್ದಳು.

"ನಮ್ಮದು ನೇರ ರಾಜವಂಶ ಮೇಡಂ," ಅಂದ ಭೋಜರಾಜ, ಕುರ್ಚಿ ಎಳೆದುಕೊಳ್ಳುತ್ತ. "ನಿಮ್ಮ ಮೆಷಿನ್ನಿಗೆ ಕಿರೀಟ ಕಂಡರೆ ಹೆದರಬೇಡಿ."

"ಈ ಟೆಸ್ಟಲ್ಲಿ ರಾಜರು ಬರಲ್ಲ ಸಾರ್. ಅಮ್ಮಂದಿರು ಮಾತ್ರ ಬರ್ತಾರೆ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ... ಹಾಗೇ ಹಿಂದಕ್ಕೆ. ಆ ಅಂತ ಬಾಯಿ ತೆಗೀರಿ."

"ಅದಾ? ನಮ್ಮ ಕುಂದಾಪುರದ ಕಡೆ ಅದಕ್ಕೆ ಬಳಿ ಅಂತೇವೆ. ಅಮ್ಮನಿಂದ ಮಕ್ಕಳಿಗೆ ಬರೋದು."

"ಬಳಿ ಅಂದ್ರೆ ಹತ್ತಿರ ಅಲ್ವಾ?" ಅವಳ ಮನೆಯವರು ತಲೆತಲಾಂತರದಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಕನ್ನಡದ ವೈಷ್ಣವರು. ಅವಳ ಕನ್ನಡದಲ್ಲಿ ಅರ್ಧ ತಮಿಳಿನ ಸಕ್ಕರೆ.

"ಅದೂ ಹೌದು," ಅಂತ ಭೋಜರಾಜ ಕುರ್ಚಿಯನ್ನು ಇನ್ನೊಂದು ಗೇಣು ಮುಂದಕ್ಕೆಳೆದ.

ಅವಳು ತುಟಿಯಂಚಿನಲ್ಲಿ ನಗು ಕಚ್ಚಿಕೊಂಡು ಕಡ್ಡಿಯನ್ನು ಅವನ ಕೆನ್ನೆಯೊಳಗೆ ತಿರುಗಿಸಿದಳು. ಆ ಹೊತ್ತಿಗೆ ಚೆನ್ನೈಯ ಸೆಕೆ ಸಟ್ಟನೆ ಇಳಿಯಿತು. ಹವಾಮಾನ ಇಲಾಖೆಯವರು ಅದನ್ನು ಗಮನಿಸಲಿಲ್ಲ ಅಂದರೆ ತಪ್ಪು ಅವರದು.

ಆಮೇಲೆ ಭೋಜರಾಜ ವಿಜ್ಞಾನಕ್ಕಾಗಿ ದುಡಿದಂತೆ ಯಾವ ವಿಜ್ಞಾನಿಯೂ ದುಡಿದಿಲ್ಲ. ಬ್ಯಾಂಕಿನವರು, ರೈಲ್ವೆಯವರು, ಮಾಧವರಂ ಹಾಲಿನ ಡೈರಿಯವರು, ಕೊನೆಗೆ ತನ್ನ ಅಪ್ಪ ಮೋನಪ್ಪನವರನ್ನೂ ಎಳೆದು ತಂದು ಅವಳ ಮುಂದೆ ಬಾಯಿ ತೆರೆಸಿದ. ಪ್ರತಿ ಕೆನ್ನೆಗೂ ಒಂದು ಕಾಫಿ ಅಂತ ಒಪ್ಪಂದ. ಕಾಫಿ ಮುಗಿದರೂ ಇಬ್ಬರೂ ಖಾಲಿ ಲೋಟವನ್ನೇ ಆರಿಸುತ್ತ ಕೂರುತ್ತಿದ್ದರು.

"ಸುಮ್ನೆ ನನ್ನೇ ಯಾಕೆ ಪಾಕ್ತೀರಿ?" ಅನ್ನುತ್ತಿದ್ದಳು ಅವಳು. ತಮಿಳಿನ ನೋಟಕ್ಕೆ ಕನ್ನಡದ ಬಾಲ.

"ನಾನು ಪಾಕ್ತಿಲ್ಲ. ರಿಸರ್ಚ್ ಮಾಡ್ತಿದ್ದೇನೆ."

ಅವಳಪ್ಪನಿಗೆ ಭೋಜರಾಜ ಒಂದು ಪೆನ್ಶನ್ ಪಾಲಿಸಿ ಮಾರಿದ್ದರಿಂದ ಆ ಮನೆಯ ಬಾಗಿಲು ಆಗಲೇ ಅರ್ಧ ತೆರೆದಿತ್ತು. ಉಳಿದದ್ದು ಮಾಧವರಂನ ತನ್ನ ಮನೆಯದು. ಒಂದು ಶನಿವಾರ ಸಂಜೆ, ಅಮ್ಮ ನಾಗರತ್ನಮ್ಮ ಕುಚ್ಚಲಕ್ಕಿ ಬೇಯಿಸುತ್ತಿದ್ದಾಗ ಮದುವೆಯ ವಿಷಯ ತೆಗೆದ. ಜಾತಿ ಬೇರೆ ಎಂದ, ಅವಳು ಮೀನು ತಿನ್ನುವುದಿಲ್ಲ ಎಂದ. ಅಮ್ಮ ಯಾವುದಕ್ಕೂ ತಲೆ ಎತ್ತಲಿಲ್ಲ. ಕೇಳಿದ್ದು ಒಂದೇ.

"ಹೆಣ್ಣಿನ ಬಳಿ ಯಾವ್ದ್?"

"ಅವರಿಗೆ ಬಳಿ ಇಲ್ಲಮ್ಮ. ಗೋತ್ರ ಇದೆ."

"ಗೋತ್ರ ಅಪ್ಪನ ಕಡೆದ್. ಅದ್ ಕಟ್ಕಂಡ್ ನಂಗೆಂತ? ಅಮ್ಮನ ಬಳಿ ಹೇಳ್. ಒಂದೇ ಬಳಿ ಆರೆ ಅಣ್ಣ-ತಂಗಿ. ಮದಿ ಆಪುದಲ್ಲ."

ಇಲ್ಲಿ ಸುಮ್ಮನಿದ್ದರೆ ಅವನು ಭೋಜರಾಜ ಹೇಗಾದಾನು? "ಅಷ್ಟೇ ತಾನೇ? ನಿಮ್ಮ ಬಳಿ ನಿಮ್ಮ ಅಜ್ಜಿಯವರೆಗೆ. ಅವಳ ಮೆಷಿನ್ನು ಲಕ್ಷ ವರ್ಷ ಹಿಂದಿನ ಅಜ್ಜಿಯನ್ನೂ ಜುಟ್ಟು ಹಿಡಿದು ಎಳೆದು ತರುತ್ತೆ. ಈಗಲೇ ಕೇಳ್ತೇನೆ, ನೀವೇ ಕಿವಿ ಕೊಡಿ!"

ಫೋನು ಹಚ್ಚಿದ. ಅಮ್ಮ ರಿಸೀವರಿನ ಇನ್ನೊಂದು ಮಗ್ಗುಲಿಗೆ ಕಿವಿ ಒತ್ತಿದರು. ಆ ಕಡೆ ಸಂಹಿತಾ ಎಲೆಕ್ಟ್ರಿಕ್ ಟ್ರೇನಿನ ಗದ್ದಲದಲ್ಲಿದ್ದಳು.

"ಸಂಹಿತಾ, ನನ್ನ ಅಮ್ಮನ ಲೈನು, ನಿಮ್ಮ ಅಮ್ಮನ ಲೈನು, ಎರಡೂ ಏನು ಅಂತ ಬಂತು?"

"ಅಯ್ಯೋ, ಹೇಳೋಣಾಂತಲೇ ಇದ್ದೆ!" ಅವಳ ದನಿ ಕುಣಿಯುತ್ತಿತ್ತು. "ನೀವೂ ಎಮ್, ನಾನೂ ಎಮ್! ಒಂದೇ ತಾಯಿ! ನಾವಿಬ್ರೂ ಸಿಸ್ಟರ್ ಬ್ರ್ಯಾಂಚ್..."

ಸಿಗ್ನಲ್ ಹೋಯಿತು.

ಮಾಧವರಂ ಅಷ್ಟೂ ಒಂದು ಸಲ ಉಸಿರು ನಿಲ್ಲಿಸಿತು. ಡೈರಿಯಲ್ಲಿ ಹಾಲು ತಂತಾನೇ ಹೆಪ್ಪಾಯಿತು. ಭೋಜರಾಜನ ಕೈಯಿಂದ ರಿಸೀವರು ಜಾರಿ, ವೈರಿನಲ್ಲಿ ನೇತಾಡಿ, ಗೋಡೆಗೆ ಟಕ್ ಟಕ್ ಹೊಡೆಯುತ್ತಿತ್ತು. ಅವನ ಬಾಯಿ ತೆರೆದಿತ್ತು. ಹುಟ್ಟಿದಂದಿನಿಂದ ಮೊದಲ ಸಲ, ಅದರೊಳಗೆ ಮಾತಿರಲಿಲ್ಲ.

"ಒಂದೇ ತಾಯಿ ಅಂದ್ಳ್," ಅಂದರು ಅಮ್ಮ, ಪಿಸುದನಿಯಲ್ಲಿ. "ಸಿಸ್ಟರ್ ಅಂತ ಬಾಯ್ಬಿಟ್ಟ್ ಹೇಳಿದ್ಳ್ ಮಗಾ."

ಕುಚ್ಚಲಕ್ಕಿ ತಳ ಹಿಡಿಯಿತು. ಯಾರೂ ಏಳಲಿಲ್ಲ.

ಆರು ತಿಂಗಳಿಂದ ಕಂಡ ಒಂದೊಂದು ನೋಟವೂ ಈಗ ಅವನನ್ನು ಚುಚ್ಚಿತು. ಅವಳ ಹಣೆಗಂಟಿದ ಕೂದಲು. ಕಾಫಿಯ ನೊರೆಯನ್ನು ಊದಿ ಅವನ ಕಡೆಗೇ ಹಾರಿಸುವ ಅವಳ ತುಂಟತನ. ಇದನ್ನೆಲ್ಲ ತಂಗಿಯಲ್ಲಿ ಕಂಡೆನೇ? ಎಲ್ಲಕ್ಕಿಂತ ದೊಡ್ಡ ಸಿಡಿಲು ಇದು: ಅಷ್ಟು ದೊಡ್ಡ ಅನಾಹುತವನ್ನು ಅವಳು ನಗುನಗುತ್ತ ಹೇಳಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಕಾಸಿಮೇಡಿನ ಮೀನು ಬಂದರಿನಲ್ಲಿ ಸ್ಯಾಂಪಲ್ ತೆಗೆಯುವವಳಿದ್ದಳು. "ನಾನೂ ಬತ್ತೆ," ಅಂದರು ಅಮ್ಮ. "ತಂಗಿ ಅಂತ ಒಂದ್ ಸೀರೆ ಕೊಟ್ಟ್, ಅಂಜಲ್ ಮೀನ್ ತಕಂಡ್ ಬಪ್ಪ."

ಬಂದರಿನಲ್ಲಿ ಹರಾಜಿನ ಕೂಗು ಆಕಾಶವನ್ನು ಎರಡು ಸೀಳು ಮಾಡುತ್ತಿತ್ತು. ಈ ಸೀಳಿನ ನಡುವೆ, ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಅಕ್ಕು ಎಂಬ ಮೀನು ಮಾರುವ ಹೆಂಗಸಿನ ಐಸ್ ಪೆಟ್ಟಿಗೆಯ ಮೇಲೆ ಸಂಹಿತಾ ಕೂತಿದ್ದಳು. ಮುಖದಲ್ಲಿ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣು ಅವನನ್ನು ಕಂಡು ಅರಳಿತು. ಅವನು ಸೀರೆಯ ಪೊಟ್ಟಣ ಮುಂದೆ ಚಾಚಿದ.

"ತಗೋ... ತಂಗೀ."

ಅರಳಿದ ಕಣ್ಣು ಹಾಗೇ ಕಲ್ಲಾಯಿತು. ಅವಳು ಎದ್ದು ನಿಂತಳು, ದುಪಟ್ಟಾ ಮೂಗಿನಿಂದ ಜಾರಿತು. ಅಷ್ಟು ಮೀನಿನ ವಾಸನೆಯೂ ಅವಳಿಗೆ ತಿಳಿಯಲಿಲ್ಲ.

"ಏನಂದ್ರಿ?"

"ತಂಗಿ."

"ಆರು ತಿಂಗಳು ಕಾಫಿ ಕುಡಿಸಿ..." ಅವಳು ಪೊಟ್ಟಣವನ್ನು ಅವನತ್ತಲೇ ತಳ್ಳಿದಳು. "ಬೇಡ ಅಂದ್ರೆ ಬೇಡ ಅಂತ ಹೇಳ್ಬಹುದಿತ್ತಲ್ಲ ಭೋಜರಾಜ್. ಇದೇನು, ಈ ನಾಟಕ?"

"ನೀವೇ ಹೇಳಿದ್ರಲ್ಲ! ಒಂದೇ ತಾಯಿ, ಸಿಸ್ಟರ್ ಅಂತ! ಅಮ್ಮನೂ ಕೇಳಿದ್ದಾರೆ!"

ಅವಳು ಅವನನ್ನು ನೋಡಿದಳು. ಅವನಮ್ಮನನ್ನು ನೋಡಿದಳು. ಮೊದಲು ಅವಳ ಭುಜ ಕುಲುಕಿತು, ಆಮೇಲೆ ಹೊಟ್ಟೆ. ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು.

"ಸಿಸ್ಟರ್ ಬ್ರ್ಯಾಂಚು ಅಂದ್ರೆ ಒಂದೇ ಮರದ ಎರಡು ಕೊಂಬೆ, ಮಕ್ಕು!" ದಡ್ಡನಿಗೆ ತಮಿಳಿನಲ್ಲಿ ಹಾಗನ್ನುತ್ತಾರೆ. "ಎಮ್ ಅಂತ ನಾವು ಹೆಸರಿಟ್ಟ ಆ ತಾಯಿ ಬದುಕಿದ್ದು ಸುಮಾರು ಅರವತ್ತು ಸಾವಿರ ವರ್ಷದ ಹಿಂದೆ. ಅವಳ ಕಡೆಯವರು ಆಫ್ರಿಕಾದಿಂದ ಹೊರಟು, ಹೀಗೇ ಸಮುದ್ರದ ಅಂಚು ಹಿಡಿದು, ಮೀನೋ ಏಡಿಯೋ ತಿಂತಾ ನಡೆದು ಬಂದ್ರು ಅಂತ ನಮ್ಮ ಅಂದಾಜು. ಇವತ್ತು ಈ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಮ್. ಈ ಅಕ್ಕೂನೂ ಎಮ್ಮೇ."

"ನಾನ್ ಅಕ್ಕು," ಅಂತ ಅಕ್ಕು ತಿದ್ದಿದಳು, ಅಂಜಲಿನ ತಲೆ ಕತ್ತರಿಸುತ್ತ. "ಎಮ್ ಯಾರು?"

ನಾಗರತ್ನಮ್ಮ ಸೋಲುವವರಲ್ಲ. "ಅರವತ್ತ್ ಸಾವಿರ ಆದ್ರೂ ಒಂದೇ ತಾಯಿ ಒಂದೇ ತಾಯಿಯೇ ಅಲ್ದಾ ಹೆಣ್ಣೇ? ಒಂದೇ ಬಳಿ ಒಳಗೆ ನಮ್ಮಲ್ಲಿ ಯಾರೂ ಮದಿ ಆಯ್ಲಿಲ್ಲ."

ಸಂಹಿತಾ ಕಣ್ಣೊರೆಸಿಕೊಂಡಳು. ಮೆಲ್ಲಗೆ ಕೇಳಿದಳು.

"ಆಂಟಿ, ನೀವು ಎಮ್. ಮಗನಿಗೆ ಬಂದಿದ್ದು ನಿಮ್ಮಿಂದಲೇ. ಮೋನಪ್ಪ ಅಂಕಲ್ ರಿಸಲ್ಟು ಹೇಳ್ಲಾ? ಹೇಳ್ಬಹುದು ಅಂತ ಅವರೇ ಅಂದಿದ್ದಾರೆ."

"ಅವ್ರದ್ದೆಂತ?"

"ಅವರಿಗೆ ಅವರಮ್ಮನಿಂದ ಬಂದಿದ್ದೂ ಎಮ್ಮೇ."

ಹರಾಜು ನಿಂತಿತು. ತೆರೆ ದಡಕ್ಕೆ ಬರುವುದನ್ನು ಮರೆತು ಅರ್ಧದಲ್ಲಿ ನಿಂತಿತು. ನಾಗರತ್ನಮ್ಮ ಐಸ್ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತರು. ಉಟ್ಟ ಸೀರೆ ಒದ್ದೆಯಾದದ್ದೂ ಗೊತ್ತಾಗಲಿಲ್ಲ.

"ಹಂಗಾರೆ," ಅಂದರು, ದನಿಯೇ ಇಲ್ಲದೆ, "ಇಷ್ಟ್ ವರ್ಷ ನಾನ್ ಅಣ್ಣನ್ನ ಕಟ್ಕಂಡ್ ಸಂಸಾರ ಮಾಡಿದ್ನಾ?"

ನಾಗರತ್ನಮ್ಮನ ಕಣ್ಣಿನ ಮುಂದೆ ಬನಿಯನ್ನು ತೊಟ್ಟು ಪೇಪರು ಓದುವ ಮೋನಪ್ಪನವರು ಹಾದುಹೋಗಿರಬೇಕು. ಮೂಗಿನ ಹೊಳ್ಳೆ ಅದುರಿತು, ನತ್ತು ನಡುಗಿತು, ಕೊನೆಗೆ ಅಂಥ ನಗು ಹೊರಬಿತ್ತು ಅಂದರೆ ಕಾಸಿಮೇಡಿನ ಬುಟ್ಟಿಗಳಲ್ಲಿ ಸತ್ತು ಬಿದ್ದಿದ್ದ ಮೀನೆಲ್ಲ ಒಮ್ಮೆ ಬಾಲ ಬಡಿದವು.

"ಹಂಗಾರೆ ಊರಲ್ಲಿ ಯಾರಿಗೂ ಮದಿಯೇ ಆಯ್ಲಿಲ್ಲ ಅಂತಾಯ್ತ್ ಬಿಡ್!"

ಅಮ್ಮ ಅಕ್ಕುವಿನ ಹತ್ತಿರ ಚೌಕಾಸಿಗೆ ಹೋದರು. ಭೋಜರಾಜ ಸೀರೆಯ ಪೊಟ್ಟಣ ಹಿಡಿದು, ಇಡಲೂ ತೋಚದೆ, ಕೊಡಲೂ ತೋಚದೆ ನಿಂತಿದ್ದ.

"ಇನ್ನೊಂದ್ಸಲ ಕರೀರಿ ನೋಡೋಣ, ತಂಗಿ ಅಂತ," ಅಂದಳು ಅವಳು. ಕಣ್ಣಿನಲ್ಲಿ ಇನ್ನೂ ನೀರಿತ್ತು.

"ಸಂಹಿತಾ..." ಸಾವಿರ ಪಾಲಿಸಿ ಮಾರಿದ ನಾಲಿಗೆ ತೊದಲಿತು. "ರಾತ್ರಿಯೆಲ್ಲ ನಿಮ್ಮನ್ನ ತಂಗಿ ಅಂದ್ಕೊಳ್ಳೋಕೆ ಪ್ರಯತ್ನಪಟ್ಟೆ. ಆಗ್ಲಿಲ್ಲ. ನಿಮ್ಮನ್ನ ಬಿಟ್ಟು ಇರೋಕೂ ಆಗಲ್ಲ. ಇಷ್ಟೇ ಗೊತ್ತು ನನಗೆ."

ಉತ್ಪ್ರೇಕ್ಷೆಯಿಲ್ಲದೆ ಅವನಾಡಿದ ಮೊದಲ ಮಾತು ಅದು. ಅವಳು ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡಳು.

ಅಮ್ಮ ಮೀನಿನ ಚೀಲ ಹಿಡಿದು ತಿರುಗಿ ಬಂದರು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ಶಾಸ್ತ್ರ ಶಾಸ್ತ್ರವೇ, ಬಿಡುವಂತಿಲ್ಲ.

"ಎಮ್ಮು ಗಿಮ್ಮು ಎಲ್ಲ ಇರ್ಲಿ. ನಾಳೆ ನಾಲ್ಕ್ ಜನ ಕೇಂಡ್ರೆ ನಾನೆಂತ ಹೇಳ್ಕ್? ನಿನ್ನ ಬಳಿ ಯಾವ್ದ್ ಹೆಣ್ಣೇ?"

ಸಂಹಿತಾ ಒಂದು ಹೆಜ್ಜೆ ಸರಿದಳು. ಅವಳ ಭುಜ ಭೋಜರಾಜನ ಭುಜಕ್ಕೆ ತಾಗಿತು.

"ಇವರ ಬಳಿ," ಅಂದಳು.