ಹನ್ನೆರಡು ಸಾವಿರದ ಬೋರ್ಡು

ಹನ್ನೆರಡು ಸಾವಿರದಲ್ಲಿ ಹನ್ನೊಂದು ಕಳೆದರೆ ಉಳಿದವರೆಲ್ಲ ಎಲ್ಲಿಗೆ ಹೋದರು? ಕಡಲಿಗೆ ಹಾರಿದರೇ? ಪ್ರಾರ್ಥನೆ ಮುಗಿದರೂ ಚಂದ್ರಮತಿಯ ತಲೆಯಲ್ಲಿ ಈ ಲೆಕ್ಕ ಬಿಡಲಿಲ್ಲ.

ಶಾಲೆಯ ಬೋರ್ಡಿನ ಮೇಲೆ ದಿನಾ ಬೆಳಿಗ್ಗೆ ಸುದ್ದಿ ಬರೆಯುವುದು ಅವಳ ಕೆಲಸ. ಅವಳ ಅಕ್ಷರ ದುಂಡಗಿತ್ತು. ಹೆಡ್‌ಮೇಷ್ಟ್ರು ಅಶ್ವತ್ಥಯ್ಯನವರು ಪೇಪರ್ ನೋಡಿ ಹೇಳುವರು, ಅವಳು ಬರೆಯುವಳು.

ಯುದ್ಧಕ್ಕೆ ಮುಂಚಿನ ಸೋಮವಾರ ಕಡಲ ತೀರದ ಪರಂಗಿಯವರ ಕೋಟೆಯಲ್ಲಿ ಮೂರು ಸಾವಿರ ಸೈನಿಕರಿದ್ದರು. ಬುಧವಾರ ಏಳು ಸಾವಿರವಾದರು. ಶುಕ್ರವಾರಕ್ಕೆ ಹನ್ನೆರಡು ಸಾವಿರ! ಯಾವ ಬಸ್ಸಿನಲ್ಲಿ ಬಂದಿಳಿದರೋ.

“ಅವರು ನಮ್ಮ ಮೇಲೆ ಬೀಳುವ ಮೊದಲು ನಾವೇ ಹೋಗದೆ ವಿಧಿಯಿಲ್ಲ: ಸರ್ಕಾರ” ಎಂದು ಕೆಂಪು ಸೀಮೆಸುಣ್ಣದಲ್ಲಿ ಬರೆಸಿದ್ದರು. ನಂಜನಗೂಡಿನಾಚೆ ಕಾಲಿಡದ ಮೇಷ್ಟ್ರು ಶತ್ರುಗಳ ಮೀಸೆಯನ್ನೂ ವರ್ಣಿಸಿದ್ದರು.

ಎರಡೇ ದಿನದಲ್ಲಿ ಯುದ್ಧ ಮುಗಿಯಿತು. ಸೈನ್ಯದಲ್ಲಿ ಲಾರಿ ಓಡಿಸುವ ಚೆಲುವರಾಜು ಮಾಮ ರಜದ ಮೇಲೆ ಕೆಸರೆಯಲ್ಲಿದ್ದ ಅಕ್ಕನ, ಅಂದರೆ ಚಂದ್ರಮತಿಯ ಮನೆಗೆ ಬಂದ.

“ಕೋಟೇಲಿ ಎಷ್ಟ್ ಜನ ಇದ್ರು ಮಾಮ?” ಚಂದ್ರಮತಿ ಕೇಳಿದಳು.

ಮಾಮ ಮುದ್ದೆ ಮುರಿಯುತ್ತಾ ನಕ್ಕ. “ಹನ್ನೊಂದು ಕಣಮ್ಮಿ. ಬಿಳೀ ಬನೀನು ಬಿಚ್ಚಿ ಕೋಲಿಗೆ ಕಟ್ಕೊಂಡು ಶರಣು ಅಂತ ಬಂದ್ಬುಟ್ರು. ಅದ್ರಲ್ಲೊಬ್ಬ ಅಡುಗೆಯವನು.”

“ಮತ್ತೆ ಪೇಪರ್ನಲ್ಲಿ ಅಂಗೆ ಹಾಕಿದ್ರಲ್ಲೋ?” ಎಂದಳು ಅಮ್ಮ.

“ಹನ್ನೊಂದು ಜನರ ಮೇಲೆ ಯುದ್ಧಕ್ಕೆ ಹೋಯ್ತೀವಿ ಅಂದಿದ್ರೆ ನೀನು ಜೈ ಅಂತಿದ್ದಾ ಅಕ್ಕ?”

ಚಂದ್ರಮತಿ ಇದನ್ನು ಕ್ಲಾಸಿನಲ್ಲಿ ಹೇಳಿದ್ದೇ ತಪ್ಪಾಯಿತು.

“ಸುಳ್ಳುಬುರುಕಿ! ನೀನೇ ಹನ್ನೆರಡು ಸಾವಿರ ಅಂತ ಬರ್ದಿದ್ದೆ. ಸರ್ಕಾರ ಎಲ್ಲಾದ್ರೂ ಸುಳ್ಳು ಹೇಳ್ತದಾ?” ಪಕ್ಕದಲ್ಲಿ ಕೂರುವ ರಮಾಮಣಿ ಮೂತಿ ತಿರುವಿದಳು. ಅಂದಿನಿಂದ ಕುಂಟೆಬಿಲ್ಲೆಗೆ ಚಂದ್ರಮತಿಯನ್ನು ಯಾರೂ ಸೇರಿಸಿಕೊಳ್ಳಲಿಲ್ಲ.

“ಶನಿವಾರ ನಮ್ಮಾಮನೇ ಸ್ಕೂಲಿಗೆ ಬತ್ತಾರೆ. ಅವರನ್ನೇ ಕೇಳ್ಕೊಳ್ರೇ!”

ಶನಿವಾರ ಮಾಮನಿಗೆ ಸನ್ಮಾನ. “ಹನ್ನೆರಡು ಸಾವಿರ ಶತ್ರುಗಳನ್ನು ಗೆದ್ದ ವೀರ” ಎಂದು ಮೇಷ್ಟ್ರು ಅವಳ ಕೈಯಿಂದಲೇ ಕೆಂಪು ಸೀಮೆಸುಣ್ಣದಲ್ಲಿ ದಪ್ಪಗೆ ಬರೆಸಿದರು. ಮಾಮನ ಕೊರಳಿಗೆ ಸೇವಂತಿಗೆ ಹಾರ ಬಿತ್ತು.

“ಕೋಟೆಯಲ್ಲಿ ಎಷ್ಟು ಜನ ಇದ್ರು ಹೇಳಿ ಚೆಲುವರಾಜು. ಮಕ್ಕಳು ಕೇಳಲಿ!” ಎಂದರು ಮೇಷ್ಟ್ರು.

ರಮಾಮಣಿ ಕತ್ತು ತಿರುಗಿಸಿ ಚಂದ್ರಮತಿಯನ್ನು ನೋಡಿದಳು.

ಮಾಮ ಬೋರ್ಡಿನ ಕಡೆ ನೋಡಿದ. ಹಾರ ಸರಿಮಾಡಿಕೊಂಡ.

“ಬೋರ್ಡಲ್ಲೇ ಬರ್ದದಲ್ಲ ಸಾರ್.”

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೇಷ್ಟ್ರು.

ಮನೆಯ ದಾರಿಯಲ್ಲಿ ಮಾಮ ಹಾರವನ್ನು ಒಂದು ಹಸುವಿನ ಮುಂದೆ ಎಸೆದ. ಅದು ಒಮ್ಮೆ ಮೂಸಿ ತಿನ್ನತೊಡಗಿತು.

“ಯಾಕ್ ಮಾಮ ಅಂಗಂದೆ?”

“ನಾನಿನ್ನೂ ಸರ್ವಿಸ್ಸಲ್ಲಿದ್ದೀನಿ ಕಣಮ್ಮಿ.”

ಸೋಮವಾರ ಚಂದ್ರಮತಿ ಒದ್ದೆ ಬಟ್ಟೆಯಿಂದ ಬೋರ್ಡು ಒರೆಸಿದಳು. ಎಷ್ಟು ಉಜ್ಜಿದರೂ ಆ ಅಕ್ಷರಗಳ ನೆರಳು ಉಳಿಯಿತು. ಬಟ್ಟೆ ಹಿಂಡಿದರೆ ಬೆರಳಿಗೆಲ್ಲ ಕೆಂಪು. ಮೇಷ್ಟ್ರು ಪೇಪರ್ ಬಿಡಿಸಿ ಹೊಸ ಸುದ್ದಿ ಹೇಳತೊಡಗಿದರು. ಅವಳು ಮೊದಲ ಬಾರಿಗೆ, ಬರೆಯುವ ಮುಂಚೆ ಅವರ ಮುಖವನ್ನು ನೋಡಿದಳು.

ಕೋಟೆಯಲ್ಲಿದ್ದವರು ಹನ್ನೊಂದೇ ಜನ ಎಂದು ಚೆಲುವರಾಜು ಮಾಮ ಆಮೇಲೆ ಯಾರಿಗೂ ಹೇಳಲಿಲ್ಲ.