ಕರಗದ ಸೀಸ

“ನನ್ನ ಗಂಡನ್ನ ತಿಂದಿದ್ದು ಸಾಲ್ದಾ? ಈಗ ಮನೇನೂ ಕಿತ್ಕೊಳ್ತೀಯಾ? ನಿನ್ನ ಮನೆ ಹಾಳಾಗ!”

ಹಾನಾ ಠಾಣೆಯ ಮೇಜು ಗುದ್ದಿದಳು. ಎದುರಿಗಿದ್ದವನು ಕಬ್ಬಿಣದ ಕಾರ್ಖಾನೆಯ ಮ್ಯಾನೇಜರ್ ಪ್ರೈಸ್.

“ನಾಲಿಗೆ ಬಿಗಿ ಹಿಡಿದು ಮಾತಾಡು. ನಿನ್ನ ಗಂಡನೇ ಕುಡಿದು ಒಲೆಗೆ ಕಲ್ಲಿದ್ದಲು ತುರುಕಿ ಕೊಳವೆ ಸಿಡಿಸಿದ್ದು. ಅಂಥವನ ಹೆಂಡ್ತಿಗೆ ಕಂಪನಿ ಮನೆ ಇಲ್ಲ.”

“ಡೇನಿಯಲ್ ಕುಡಿಯೋನೇ ಅಲ್ಲ! ಸಾರ್ಜೆಂಟ್ ಸಾಹೇಬ್ರೇ, ನನ್ನ ದೂರು ಬರ್ಕೊಳ್ಳಿ. ಯಾರೇ ಆಗಿರ್ಲಿ, ಬಿಡ್ಬೇಡಿ.”

ಸಾರ್ಜೆಂಟ್ ಪ್ರಾಬರ್ಟ್ ಬರೆದುಕೊಂಡ. 1841, ನವೆಂಬರ್ 8, ಸೋಮವಾರ. ವೇಲ್ಸಿನ ಆ ಕಣಿವೆಗೆ ಠಾಣೆ ಬಂದ ಮೇಲೆ ಇದೇ ಮೊದಲ ಸಾವಿನ ದೂರು.

ಕುಲುಮೆಗೆ ಮೊದಲೆಲ್ಲ ತಣ್ಣನೆ ಗಾಳಿ ಊದುತ್ತಿದ್ದರು. ಈ ವರ್ಷ ಧಣಿ ಹೊಸ ವಿಧಾನದ ಪರವಾನಗಿ ಕೊಂಡು ತಂದಿದ್ದ: ಗಾಳಿಯನ್ನು ಒಲೆಯ ಮೇಲಿನ ಕೊಳವೆಗಳಲ್ಲಿ ಕಾಯಿಸಿ ಊದುವುದು. ಕಲ್ಲಿದ್ದಲು ಅರ್ಧ ಉಳಿಯುತ್ತದೆ. ಒಲೆ ಕಾಯುವವನು ಕೊಳವೆಯ ಕಿಂಡಿಗೆ ಸೀಸದ ಪಟ್ಟಿ ಒಡ್ಡಬೇಕು. ಸೀಸ ಕರಗಿದರೆ ಶಾಖ ಸಾಕು. ಕರಗುವ ತನಕ ಬೆಂಕಿ ಹಾಕುತ್ತಿರಬೇಕು. ಭಾನುವಾರ ಬೆಳಿಗ್ಗೆ ಡೇನಿಯಲ್ ಹಾಕುತ್ತಲೇ ಇದ್ದ. ಕೊಳವೆ ಸಿಡಿಯಿತು.

ಪಂಚನಾಮೆಗೆ ಪಂಚನಾಗಿ ನಿಂತವನು ಕುಲುಮೆಯ ಮೇಸ್ತ್ರಿ ಹೋವೆಲ್ ಬೈನನ್, ಹಾನಾಳ ಅಪ್ಪ. ಅಳಿಯ ಸತ್ತ ಜಾಗ ನೋಡಲಾರದೆ ಮುದುಕ ಮುಖ ತಿರುಗಿಸಿಕೊಂಡಿದ್ದ. ಕಾನ್‌ಸ್ಟೇಬಲ್ ಲ್ಯೂಸಿನ್ ಶಾಯಿ ಮರೆತು ಬಂದಿದ್ದ.

“ತಲೆ ತಂದಿದ್ದೀಯೇನಯ್ಯಾ, ಅದನ್ನೂ ಮನೇಲೇ ಬಿಟ್ಯಾ?” ಪ್ರಾಬರ್ಟ್ ಗದರಿದ.

ಸೀಸ ಕಾಗದದ ಮೇಲೆ ಕಪ್ಪಗೆ ಗೀಚುತ್ತದೆ. ಪ್ರಾಬರ್ಟ್ ಕಿಂಡಿಯ ಬಳಿ ಬಿದ್ದಿದ್ದ ಪಟ್ಟಿ ಎತ್ತಿ ತಾರೀಖು ಬರೆಯಹೋದ. ಗೀರೇ ಮೂಡಲಿಲ್ಲ. ಒತ್ತಿದ. ಕಾಗದ ಹರಿಯಿತು.

ಅನುಮಾನ ಬಂದು ಅದನ್ನು ಊರಿನ ಕಮ್ಮಾರನ ಬಳಿ ಒಯ್ದ. ಕಮ್ಮಾರ ಅದನ್ನು ನಿಜವಾದ ಸೀಸದ ಜೊತೆ ಬಾಣಲೆಯಲ್ಲಿಟ್ಟ. ಸೀಸ ನೀರಾಯಿತು. ಇದು ಹಾಗೇ ಇತ್ತು.

“ಇದು ಸತು ಸಾಹೇಬ್ರೇ. ಇದು ಕರಗೋ ಹೊತ್ತಿಗೆ ಕೊಳವೆ ಉಳಿಯುತ್ತಾ?”

“ಈ ಊರಲ್ಲಿ ಸತು ಎಲ್ಲಿದೆ?”

“ಬೇಸಿಗೇಲಿ ಪ್ರಾರ್ಥನಾ ಮಂದಿರದ ಸೂರಿಗೆ ಸತುವಿನ ತಗಡು ಹೊದಿಸಿದ್ರಲ್ಲ.”

ಮಂದಿರದ ಹಿಂದಿನ ಕೋಣೆಯಲ್ಲಿ ತಗಡಿನ ತುಂಡು ಸಿಕ್ಕಿತು. ಅಂಚಿನಲ್ಲಿ ಹೊಸದಾಗಿ ಕತ್ತರಿಸಿದ ಗುರುತು. ಪಟ್ಟಿ ಅಲ್ಲಿಗೆ ಸರಿಯಾಗಿ ಕೂತಿತು. ಕೋಣೆಯ ಬೀಗದ ಕೈ ಇದ್ದದ್ದು ಒಬ್ಬನ ಬಳಿ ಮಾತ್ರ. ಹೆಸರು ಕೇಳಿ ಪ್ರಾಬರ್ಟ್‌ಗೆ ಆ ತುಂಡನ್ನು ಅಲ್ಲೇ ಬಿಸಾಡಿ ಹೋಗೋಣ ಅನ್ನಿಸಿತು.

“ಹೋವೆಲಣ್ಣ, ಪಟ್ಟಿ ಬದಲಾಯಿಸಿದ್ದು ನೀನೇನಾ?”

“ಹೂಂ.”

“ಯಾಕೆ?”

ಮುದುಕ ಟೋಪಿ ತೆಗೆದ. “ಮೊದ್ಲು ಭಾನುವಾರ ಗಾಳಿ ನಿಲ್ಲಿಸ್ತಿದ್ವಿ. ಮಂದಿರದಲ್ಲಿ ಹಾಡು ಎತ್ಕೊಡ್ತಿದ್ದೋನು ನಾನು. ಈ ಕೊಳವೆ ಆರಿದ್ರೆ ಬಿರಿಯುತ್ತಂತೆ, ಅದಕ್ಕೆ ಭಾನುವಾರಾನೂ ಊದ್ಬೇಕು. ನನ್ನ ಹೆಂಡ್ತೀನ ಹೂಳೋ ಹಾಡೂ ಕುಲುಮೆ ಹತ್ರ ನಿಂತೇ ಕೇಳಿದೆ. ಆವತ್ತು ಭಾನುವಾರ, ಆದ್ರೂ ಮ್ಯಾನೇಜರ್ ಬಿಡ್ಲಿಲ್ಲ. ಕೊಳವೆ ಸೀಳಿದ್ರೆ ಧಣಿ ಪರವಾನಗಿ ವಾಪಸ್ ಕೊಡ್ತಾನೆ ಅಂದ್ಕೊಂಡೆ. ಸಿಡಿಯುತ್ತೆ ಅಂತ ಗೊತ್ತಿರ್ಲಿಲ್ಲ ಸಾಹೇಬ್ರೇ. ಕರಗದಿದ್ರೆ ಹುಡುಗ ನನ್ನ ಕೂಗ್ತಾನೆ ಅಂದ್ಕೊಂಡೆ. ಕೂಗ್ಲೇ ಇಲ್ಲ. ಮ್ಯಾನೇಜರ್‌ಗೆ ಹೆದರಿ ಬೆಂಕಿ ಹಾಕ್ತಾನೇ ಹೋದ.”

ಪ್ರಾಬರ್ಟ್ ಬಂಧಿಸಿದ. ಕೈಕೋಳ ತಾನೇ ಹಾಕಿದ, ಲ್ಯೂಸಿನ್‌ನಿಂದ ಆಗಲಿಲ್ಲ.

ಮಾರನೆಯ ದಿನ ಹಾನಾ ಠಾಣೆಗೆ ಬಂದಳು. ಡೇನಿಯಲ್ ತಪ್ಪಿಲ್ಲವೆಂದು ಬರೆದಾಗಿತ್ತು, ಪ್ರೈಸ್ ಮನೆ ಬಿಟ್ಟುಕೊಟ್ಟಿದ್ದ.

“ಸಿಕ್ಕಿದ್ನಂತೆ. ಯಾರು ಸಾಹೇಬ್ರೇ?”

ಪ್ರಾಬರ್ಟ್ ಲಾಕಪ್ಪಿನ ಕಡೆಯ ಬಾಗಿಲು ತೆರೆದ.

ಅವಳು ಕಂಬಿಯಾಚೆ ಕೂತವನ ಹತ್ತಿರ ಹೋದಳು.

“ಅಪ್ಪಾ, ಶನಿವಾರ ನಮ್ಮನೇಲೇ ಉಂಡ್ಯಲ್ಲ. ಅವನೇ ಬಡಿಸಿದ್ನಲ್ಲ.”

“ದೂರು ವಾಪಸ್ ತಗೊಳ್ಳೋಕ್ಕಾಗುತ್ತಾ?” ಅವಳು ಪ್ರಾಬರ್ಟ್ ಕಡೆ ತಿರುಗಿದಳು.

“ಆಗಲ್ಲಮ್ಮ.”

ಅವಳು ಕಂಪನಿ ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟಳು. ಠಾಣೆಗಾಗಲಿ, ಆ ಮನೆಗಾಗಲಿ ಮತ್ತೆ ಬರಲಿಲ್ಲ.