ಮಗಳ ಹೆಸರಿನ ಹಡಗು

"ಹಡಗಿಗೆ ಮಗೂ ಹೆಸ್ರು ಇಡ್ಬೇಡಿ ಧಣಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆಳು ಜಬೆತ್‌ಳ ಮಾತಿಗೆ ಗಾಸ್ಪಾರ್ ನಕ್ಕ. ನಾಂತ್ ಬಂದರಿನ ಆ ಸಾಹುಕಾರ ಮನೆತನಕ್ಕೆ ಮನೆಅಳಿಯನಾಗಿ ಬಂದ ಮೇಲೆ ಅವನು ಕಟ್ಟಿಸಿದ ಮೊದಲ ಹಡಗು ಅದು. ಮನೆಯ ಹೆಣ್ಣುಮಕ್ಕಳ ಹೆಸರನ್ನೇ ಹಡಗಿಗಿಡುವುದು ಅಲ್ಲಿಯ ವಾಡಿಕೆ. ಆಫ್ರಿಕದಲ್ಲಿ ಮನುಷ್ಯರನ್ನು ತುಂಬಿ, ಸಾಗರದಾಚೆಯ ದ್ವೀಪಗಳಲ್ಲಿ ಮಾರಿ, ಸಕ್ಕರೆ ಹೇರಿಕೊಂಡು ಬರುವ ಹಡಗಿಗೆ ಮುದ್ದಿನ ಮಗಳ ಹೆಸರು! ನಾಚಿಕೆಯಾದರೂ ಬೇಡವೇ?

"ಯಾಕೇ, ನಿಮ್ಮೂರಿನ ದೆವ್ವ ಬಂದು ಹಿಡ್ಕೊಳ್ಳುತ್ತಾ?" ಎಂದು ಛೇಡಿಸಿದ.

ಮಗುವನ್ನು ಎತ್ತಿ ಆಡಿಸಿದ ಜಬೆತ್ ಕೂಡ ಚಿಕ್ಕಂದಿನಲ್ಲಿ ಅಂಥದೇ ಹಡಗಿನ ತಳದಲ್ಲಿ ಬಂದವಳು. "ನಾವಿಕ್ರು ದಿನವಿಡೀ ಹಡಗಿನ ಹೆಸ್ರು ಕೂಗ್ತಾರೆ ಧಣಿ. ಕೆಳಗಿರೋರಿಗೆ ನಿಮ್ಮೋರ ಪೈಕಿ ಗೊತ್ತಾಗೋದು ಅದೊಂದೇ ಹೆಸ್ರು. ಶಾಪ ಹಾಕೋಕೆ ಇನ್ಯಾರ ಹೆಸ್ರು ಹಿಡೀಬೇಕು?"

'ಉರ್ಸುಲ್' ಎಂದು ಚಿನ್ನದ ಬಣ್ಣದಲ್ಲಿ ಬರೆಸಿಕೊಂಡು ಹಡಗು ಸಮುದ್ರ ಸೇರಿತು.

ಮುಂದಿನ ಚಳಿಗಾಲದಲ್ಲಿ ಐದು ವರ್ಷದ ಉರ್ಸುಲ್ ಜ್ವರದಿಂದ ಹಾಸಿಗೆ ಹಿಡಿದಳು. ಹೂಜಿಗಟ್ಟಲೆ ಕುಡಿದರೂ ನೀರು, ನೀರು ಎಂದಳು. ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಬೆವರು, ವಾಂತಿ, ಕೊಳೆತ ರಕ್ತದ ನಾತ. ನಡುಹಗಲಲ್ಲೇ ಕತ್ತಲೆ ಎಂದು ಚೀರಿದಳು. ಪಾಪ, ಆ ಕೂಸೇನು ಮಾಡಿತ್ತು? ಮಂಚದಡಿ ಹಡಗಿನ ತಳದಂತೆ ಮರ ನರಳಿತು. ಸರಪಳಿ ಎಳೆದ ಸದ್ದು. ಗಾಸ್ಪಾರ್ ಹೊದಿಕೆ ಸರಿಸಿದ. ಎಳೆಯ ಕಣಕಾಲು. ಸುತ್ತಲೂ ಬೇಡಿ ಉಜ್ಜಿದಂತೆ ಕಿತ್ತುಹೋದ ಚರ್ಮ. ಬಂದರಿಗೆ ಓಡಿದ. ಹಡಗನ್ನು ವಾಪಸು ಕರೆಸಿ ಎಂದು ಕಂಡಕಂಡವರಲ್ಲಿ ಅಂಗಲಾಚಿದ. ಯಾರನ್ನು ಕಳಿಸುವುದು? ಎಲ್ಲಿಗೆ? ಅದು ನಡುಸಮುದ್ರದಲ್ಲಿತ್ತು.

ಒಂದು ಬೆಳಿಗ್ಗೆ ಜ್ವರ ಬಿಟ್ಟಿತು. ನಾತವಿಲ್ಲ. ಸದ್ದಿಲ್ಲ. ಮಗು ಎದ್ದು ಕೂತಿತು. ತಾಯಿ ಬ್ಲಾಂಶ್ ಅಳುತ್ತಾ ಬಾಚಿ ತಬ್ಬಿಕೊಂಡಳು.

ಉರ್ಸುಲ್ ಕಿಟಾರನೆ ಕಿರುಚಿ, ಕೊಸರಿಕೊಂಡು ಗೋಡೆಗೆ ಒತ್ತಿ ಕೂತಳು. ಬಾಯಲ್ಲಿ ಆ ಮನೆಯವರಿಗೆ ತಿಳಿಯದ ಮಾತು. ಬಾಗಿಲಲ್ಲಿದ್ದ ಜಬೆತ್ ಒಳಗೆ ಓಡಿಬಂದಳು. ಅದು ಎಳವೆಯ ನಂತರ ಯಾರ ಬಾಯಲ್ಲೂ ಕೇಳಿರದ ಅವಳ ಮನೆಮಾತು.

"ಏನಂತಿದಾಳೆ?" ಗಾಸ್ಪಾರ್ ಜಬೆತ್‌ಳ ಭುಜ ಹಿಡಿದು ಅಲುಗಿಸಿದ.

"ಅವ್ವ ಬೇಕಂತೆ ಧಣಿ. ಹಡಗಿಂದ ದಡಕ್ಕಿಳಿದ ಮೇಲೆ ಅವ್ಳ ಅವ್ವನ್ನ ಬೇರೆ ಯಾರಿಗೋ ಮಾರ್ಬಿಟ್ರಂತೆ."

"ನಾನೇ ಕಣೇ ನಿನ್ನ ಅಮ್ಮ!" ಬ್ಲಾಂಶ್ ಎದೆ ಬಡಿದುಕೊಂಡಳು. "ಜಬೆತ್, ಕೇಳೇ ಅವ್ಳನ್ನ. ನಾನು ಯಾರು ಅಂತ ಕೇಳೇ!"

ಜಬೆತ್ ಕೇಳಿದಳು. ಮಗು ಬಿಕ್ಕುತ್ತಾ ಉತ್ತರ ಕೊಟ್ಟಿತು.

"ಕೊಂಡ್ಕೊಂಡೋಳು ಅಂತಾಳೆ ಅಮ್ಮಾವ್ರೇ."